ಉಲಿಯುವ ಯಂತ್ರವು ಆಲಿಸುವ ಬಗೆ

1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯೊಳಗೇ ಪ್ರೇಷಕಯಂತ್ರವೊಂದನ್ನು ನಿಲ್ಲಿಸಿ ‘ಆಕಾಶವಾಣಿ’ಯನ್ನು ನಡೆಸತೊಡಗಿದ ಕಾಲಕ್ಕೂ, 1950ರಲ್ಲಿ ಧಾರವಾಡದ ಬಾನುಲಿ ಕೇಂದ್ರವು ಕಣ್ದೆರೆದು ನೆರೆಯ ಹಳಿಯಾಳ, ಮುಂಡಗೋಡಗಳ ಮನೆಗಳಿಗೆ ನಿತ್ಯದ ಅತಿಥಿಯಾದ ಕಾಲಕ್ಕೂ, ಗೃಹಸ್ಥನಿಗೂ ಧ್ವನಿಯಂತ್ರಕ್ಕೂ ಇದ್ದ ಸಂಬಂಧವು ಏಕಮುಖವಾದುದಾಗಿತ್ತು. ಯಂತ್ರವು ನುಡಿಯುತ್ತಿತ್ತು, ಮನೆಮಂದಿ ಕೇಳುತ್ತಿದ್ದರು. ಕೇಳುಗನಿಗೆ ಬೇಸರವಾದರೆ ಎದ್ದು ಹೋಗಿ ತಿರುಗಣಿಯನ್ನು ತಿರುವಬೇಕಾಗಿತ್ತಲ್ಲದೆ, ‘ಸಾಕು, ನಿಲ್ಲು’ ಎಂದು ಬಾಯಲ್ಲಿ ಹೇಳಿದರೆ ಅದು ನಿಲ್ಲುತ್ತಿರಲಿಲ್ಲ. ನಮ್ಮ ಕಾಲದ ಧ್ವನಿಯಂತ್ರವಾದರೋ ನುಡಿಯುತ್ತಲೇ ಆಲಿಸುತ್ತದೆ. 2014ರಲ್ಲಿ ಅಮೆರಿಕದಲ್ಲಿಯೂ 2017ರಲ್ಲಿ ಭಾರತದಲ್ಲಿಯೂ ಮಾರಾಟಕ್ಕೆ ಬಂದ ಅಮೆಝಾನ್ ಸಂಸ್ಥೆಯ ‘ಎಕೋ’ ಎಂಬ ಪೆಟ್ಟಿಗೆಯೂ, ಅದೇ 2017ರಲ್ಲಿ ಸೋನೋಸ್ ಸಂಸ್ಥೆಯು ತನ್ನ ನಿಸ್ತಂತು ಸ್ಪೀಕರಿನೊಳಗೆ ಧ್ವನಿ ಸಹಾಯಕವನ್ನು ಕೂಡಿಸಿ ಹೊರತಂದ ಯಂತ್ರವೂ ಈ ಹೊಸ ಸಂಬಂಧದ ಮೊದಲ ಕುರುಹುಗಳು. ಬಾಯಿ ಇರುವ ಪೆಟ್ಟಿಗೆಗೆ ಕಿವಿಯನ್ನೂ ಕೂಡಿಸುವುದು ಎಣಿಸಿದಷ್ಟು ಸುಲಭವಲ್ಲ. ಅದರ ಕಷ್ಟವು ಯಾವ ಬಗೆಯದು, ಅದರಲ್ಲಿ ಎಷ್ಟು ಪಾಲು ಪರಿಹಾರವಾಗಿದೆ, ಉತ್ತರ ಕನ್ನಡದ ಕಾಳೀ ನದಿಯ ಸೀಮೆಯ ಮನೆಯೊಂದರಲ್ಲಿ ಇನ್ನೂ ಯಾವ ಪಾಲು ಉಳಿದಿದೆ ಎಂಬುದನ್ನು ಈ ಅಧ್ಯಾಯದಲ್ಲಿ ವಿಚಾರಿಸೋಣ.

ಮೊದಲನೆಯ ತೊಡಕು ಯಂತ್ರವು ತನ್ನ ದನಿಯನ್ನು ತಾನೇ ಕೇಳಿಸಿಕೊಳ್ಳುವುದರಿಂದ ಹುಟ್ಟುತ್ತದೆ. ಸ್ಪೀಕರಿನ ಪೊರೆಯಿಂದ ಮೈಕಿಗೆ ಇರುವ ದೂರವು ಕೆಲವೇ ಅಂಗುಲ. ಆಜ್ಞೆಯನ್ನು ಕೊಡುವ ಮನುಷ್ಯನಾದರೆ ಕೋಣೆಯ ಆ ಮೂಲೆಯಲ್ಲಿಯೋ ಪಡಸಾಲೆಯ ಬಾಗಿಲಲ್ಲಿಯೋ ನಿಂತಿರುತ್ತಾನೆ. ಹೀಗಾಗಿ ಹಾಡು ನಡೆಯುತ್ತಿರುವಾಗ ಮೈಕನ್ನು ಮುಟ್ಟುವ ಶಬ್ದಶಕ್ತಿಯಲ್ಲಿ ಹಾಡಿನದೇ ಬಹುಭಾಗ, ಮನುಷ್ಯವಾಣಿಯದು ಅತ್ಯಲ್ಪ. ಆದರೆ ಯಂತ್ರಕ್ಕೆ ಒಂದು ಅನುಕೂಲವುಂಟು: ತಾನು ಏನನ್ನು ನುಡಿಸುತ್ತಿರುವೆನೆಂಬುದು ಅದಕ್ಕೆ ಮುಂಚೆಯೇ ಪೂರ್ಣವಾಗಿ ಗೊತ್ತು. ಆ ಧ್ವನಿಯು ಗೋಡೆ, ನೆಲ, ಮೇಜುಗಳನ್ನು ತಾಗಿ ಮೈಕಿಗೆ ಮರಳುವಾಗ ಹೇಗೆ ಮಾರ್ಪಡುತ್ತದೆ ಎಂಬುದನ್ನು ಅಂದಾಜು ಮಾಡಿ, ಆ ಅಂದಾಜನ್ನು ಮೈಕಿಗೆ ಬಂದುದರಿಂದ ಕಳೆದುಬಿಟ್ಟರೆ, ಉಳಿಯುವ ಶೇಷವೇ ಮನುಷ್ಯನ ಮಾತು. ಅಂದಾಜು ತಪ್ಪಿದ್ದರೆ ಶೇಷದಲ್ಲಿ ಹಾಡಿನ ಚೂರು ಉಳಿಯುತ್ತದೆ. ಆ ಚೂರನ್ನೇ ದೋಷದ ಅಳತೆಯಾಗಿ ಹಿಡಿದು, ಯಂತ್ರವು ಕ್ಷಣಕ್ಷಣವೂ ತನ್ನ ಅಂದಾಜನ್ನು ತಿದ್ದಿಕೊಳ್ಳುತ್ತ ಹೋಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಈ ಉಪಾಯವನ್ನು ರೂಪಿಸಿದವರಲ್ಲಿ ಪ್ರಮುಖರು ಭಾರತದಲ್ಲಿ ಹುಟ್ಟಿದ ಮನಮೋಹನ ಸೋಂಧಿಯವರು. 1967ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಉದ್ದೇಶವು ಗೃಹವಿನೋದವಾಗಿರದೆ, ದೂರದ ದೂರವಾಣಿ ಸಂಭಾಷಣೆಯಲ್ಲಿ ಮಾತನಾಡಿದವನಿಗೆ ತನ್ನದೇ ಮಾತು ತಡವಾಗಿ ಮರುದನಿಗೊಳ್ಳುವ ಪೀಡೆಯನ್ನು ನಿವಾರಿಸುವುದಾಗಿತ್ತು.

ಒಂದೇ ಪೆಟ್ಟಿಗೆಯಿರುವ ಮನೆಯಲ್ಲಿ ವಿಷಯವು ಇಷ್ಟಕ್ಕೆ ಮುಗಿಯಿತು. ಪಡಸಾಲೆಯಲ್ಲೊಂದು, ಅಡುಗೆಮನೆಯಲ್ಲೊಂದು, ಮಹಡಿಯಲ್ಲೊಂದು ಎಂದು ಮೂರು ಸ್ಪೀಕರುಗಳನ್ನು ವೈಫೈ ತರಂಗಗಳ ಮೂಲಕ ಹೆಣೆದು ಒಂದೇ ಹಾಡನ್ನು ನುಡಿಸಹೊರಟಾಗ ಎರಡನೆಯ ತೊಡಕು ತಲೆಯೆತ್ತುತ್ತದೆ; ಅದು ಕಾಲಕ್ಕೆ ಸಂಬಂಧಿಸಿದ್ದು. ಪ್ರತಿಯೊಂದು ಪೆಟ್ಟಿಗೆಯೊಳಗೂ ಸ್ಫಟಿಕದ ಕಂಪನವನ್ನು ಆಶ್ರಯಿಸಿದ ಗಡಿಯಾರವೊಂದಿರುತ್ತದೆ. ಅಗ್ಗದ ಸ್ಫಟಿಕಗಳೆರಡರ ನಡುವೆ ಹತ್ತು ಲಕ್ಷದಲ್ಲಿ 50 ಭಾಗದಷ್ಟು ಅಂತರವಿದ್ದರೆ ಅದು ಅಲ್ಪವೆಂದೇ ತೋರುವುದಾದರೂ, ಒಂದು ತಾಸು ಕಳೆಯುವಷ್ಟರಲ್ಲಿ ಆ ಅಂತರವು ಸೆಕೆಂಡಿನ ಸಾವಿರದಲ್ಲಿ 180 ಭಾಗಕ್ಕೆ ಬೆಳೆದು, ಪಡಸಾಲೆಯ ಗಾಯಕನೂ ಅಡುಗೆಮನೆಯ ಗಾಯಕನೂ ಬೇರೆಬೇರೆ ತಾಳದಲ್ಲಿ ಹಾಡುವಂತಾಗುತ್ತದೆ. ಮನುಷ್ಯನ ಕಿವಿ ಎಷ್ಟು ಅಂತರವನ್ನು ಸಹಿಸಬಲ್ಲುದೆಂಬುದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಸಲ್ಲಿಸಿದ ತಮ್ಮ ಸಂಶೋಧನೆಯಲ್ಲಿ ವಿವರಿಸಿದರು: ಒಂದೇ ಮಾತು ಎರಡು ಕಡೆಗಳಿಂದ ಸೆಕೆಂಡಿನ ಸಾವಿರದಲ್ಲಿ ಸುಮಾರು 30 ಭಾಗದೊಳಗಿನ ಅಂತರದಲ್ಲಿ ಬಂದರೆ ಮನಸ್ಸು ಅವೆರಡನ್ನೂ ಬೆಸೆದು ಮೊದಲು ಬಂದ ದಿಕ್ಕಿನ ಒಂದೇ ಧ್ವನಿಯೆಂದು ಗ್ರಹಿಸುತ್ತದೆ, ಅಂತರವು ಬಹಳವಾಗಿ ಬೆಳೆದರೆ ಎರಡೂ ಬೇರೆಯಾಗಿ ಕೇಳಿಸುತ್ತವೆ. ಆದಕಾರಣ ಪೆಟ್ಟಿಗೆಗಳು ಪರಸ್ಪರ ವೇಳೆಯನ್ನು ಪದೇಪದೇ ವಿಚಾರಿಸಿಕೊಳ್ಳುತ್ತವೆ. ಪ್ರಶ್ನೆ ಹೊರಟು ಉತ್ತರ ಮರಳುವುದಕ್ಕೆ ಹಿಡಿದ ಕಾಲವನ್ನು ಅಳೆದು, ಅದರ ಅರ್ಧವನ್ನು ಪಯಣದ ಕಾಲವೆಂದು ಎಣಿಸಿ, ತಮ್ಮ ಗಡಿಯಾರಗಳನ್ನು ಸರಿಹೊಂದಿಸಿಕೊಳ್ಳುವ ಈ ಕ್ರಮವು, ಡೇವಿಡ್ ಮಿಲ್ಸ್ 1985ರಲ್ಲಿ ಅಂತರಜಾಲದ ಗಣಕಗಳಿಗೆಂದು ವಿಧಿಸಿದ ಕಾಲಪಾಲನೆಯ ಕ್ರಮದ ಬಂಧುವೇ ಆಗಿದೆ.

ವೇಳೆಯು ಹೊಂದಿದರೂ ಧ್ವನಿಯ ತುಣುಕುಗಳು ಹೊತ್ತಿಗೆ ಸರಿಯಾಗಿ ಬರಬೇಕಷ್ಟೆ. ನೀರು ವೈಫೈ ತರಂಗವನ್ನು ಹೀರುವುದರಿಂದ, ಮುಂಗಾರಿನಲ್ಲಿ ತಿಂಗಳುಗಟ್ಟಲೆ ನೆನೆದ ಜೋಯಿಡಾ ಸೀಮೆಯ ದಪ್ಪ ಚಿರೇಕಲ್ಲಿನ ಗೋಡೆಯನ್ನು ದಾಟುವಾಗ ಅದು ಬೇಸಗೆಗಿಂತ ಹೆಚ್ಚು ಕ್ಷೀಣಿಸುತ್ತದೆ, ತುಣುಕುಗಳು ಕಳೆದುಹೋಗುತ್ತವೆ, ಮತ್ತೆ ಕಳುಹಿಸಬೇಕಾಗುತ್ತದೆ. ಇದಕ್ಕಾಗಿ ಪ್ರತಿಯೊಂದು ಪೆಟ್ಟಿಗೆಯೂ ಕೆಲವು ಕ್ಷಣಗಳ ಹಾಡನ್ನು ಮುಂಗಡವಾಗಿ ತುಂಬಿಟ್ಟುಕೊಳ್ಳುತ್ತದೆ. ನಲ್ಲಿಯಲ್ಲಿ ನೀರು ತಡೆತಡೆದು ಬಂದರೂ ಹಂಡೆ ತುಂಬಿರುವ ಮನೆಯಲ್ಲಿ ಸ್ನಾನಕ್ಕೆ ತಡೆಯಿಲ್ಲದಂತೆ, ಆ ಸಂಗ್ರಹದಿಂದ ಹಾಡು ಅವಿಚ್ಛಿನ್ನವಾಗಿ ಹರಿಯುತ್ತದೆ.

ಈ ಎರಡು ತೊಡಕುಗಳನ್ನು ಬೇರೆಬೇರೆಯಾಗಿ ಹೇಳಿದೆವಾದರೂ ಇವು ಒಂದನ್ನೊಂದು ಹೆಣೆದುಕೊಂಡಿರುವುದೇ ಈ ವಿದ್ಯೆಯ ಮರ್ಮ. ಮೈಕಿರುವ ಪೆಟ್ಟಿಗೆಯು ತಾನು ನುಡಿಸುವುದನ್ನಷ್ಟೇ ಅಲ್ಲದೆ ನೆರೆಯ ಪೆಟ್ಟಿಗೆಗಳು ನುಡಿಸುವುದನ್ನೂ ಕಳೆಯಬೇಕು. ಕಳೆಯಬೇಕಾದರೆ ಅವು ಏನನ್ನು, ಯಾವ ಕ್ಷಣದಲ್ಲಿ ನುಡಿಸಿದುವೆಂಬುದು ಅದಕ್ಕೆ ತಿಳಿದಿರಬೇಕು. ಎಲ್ಲವೂ ಒಂದೇ ಗಡಿಯಾರಕ್ಕೆ ಕಟ್ಟುಬಿದ್ದಿದ್ದರೆ ಇದು ಸಾಧ್ಯ. ಒಂದು ಕಂಪನಿಯ ಸಹಾಯಕ ಪೆಟ್ಟಿಗೆಯನ್ನು ತಂದು ಮತ್ತೊಂದು ಕಂಪನಿಯ ಸ್ಪೀಕರಿನ ಪಕ್ಕದಲ್ಲಿ ಇರಿಸಿದಾಗ, ಎರಡರ ಗಡಿಯಾರಗಳೂ ಸರಿಯುತ್ತ, ತಿದ್ದಿಕೊಂಡ ಅಂದಾಜು ಮರುಕ್ಷಣವೇ ಹಳತಾಗಿ, ಕೂಗಿ ಕರೆದರೂ ಯಂತ್ರವು ಓಗೊಡದ ಪರಿಸ್ಥಿತಿ ಒದಗುವುದಕ್ಕೆ ಇದೇ ಕಾರಣ. ಕೊಳ್ಳುವವರು ಬೆಲೆಯನ್ನೂ ಬಣ್ಣವನ್ನೂ ವಿಚಾರಿಸುವುದಕ್ಕೆ ಮೊದಲು ಈ ಹೊಂದಾಣಿಕೆಯನ್ನು ವಿಚಾರಿಸುವುದು ಲೇಸೆಂದು ನನ್ನ ಅಭಿಪ್ರಾಯ.

ಮೂರನೆಯದು ಕೋಣೆಯ ಗುಣ. ಇಲ್ಲಿ ಸ್ವಲ್ಪ ನಿಂತು ನೋಡಬೇಕಾದ ಸಂಗತಿಯಿದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಖ್ಯಾನಮಂದಿರವೊಂದರಲ್ಲಿ ಉಪನ್ಯಾಸಕನ ಮಾತು ಮರುದನಿಯಲ್ಲಿ ಮುಳುಗಿ ಅರ್ಥವಾಗದೆ ಹೋಗುತ್ತಿದ್ದುದನ್ನು ಸರಿಪಡಿಸುವ ಹೊಣೆ ವ್ಯಾಲೆಸ್ ಸಾಬಿನ್ ಎಂಬ ತರುಣ ಭೌತವಿಜ್ಞಾನಿಯ ಪಾಲಿಗೆ ಬಂತು. ಆತನು ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ನಾಟಕಶಾಲೆಯ ಮೆತ್ತೆಗಳನ್ನು ಹೊರಿಸಿ ತಂದು ಹರಡಿ, ಒಂದು ನಾದವು ಕೇಳಿಸದಂತಾಗುವುದಕ್ಕೆ ಹಿಡಿಯುವ ಕಾಲವನ್ನು ಅಳೆಯುತ್ತ, ಕೋಣೆಯ ಘನಗಾತ್ರ ಹೆಚ್ಚಿದಷ್ಟೂ ಅನುರಣನ ಬೆಳೆಯುವುದೆಂದೂ ಹೀರುವ ವಸ್ತುಗಳು ಹೆಚ್ಚಿದಷ್ಟೂ ಕುಗ್ಗುವುದೆಂದೂ ಸೂತ್ರವೊಂದನ್ನು ಕಂಡುಕೊಂಡನು. ಹೀರುವಿಕೆಗೆ ಆತನು ಮಾನವಾಗಿ ಹಿಡಿದದ್ದು ತೆರೆದ ಕಿಟಕಿಯನ್ನು. ಏಕೆಂದರೆ ಅದರ ಮೂಲಕ ಹೊರಗೆ ಹೋದ ಧ್ವನಿಯು ಮರಳಿ ಬರುವುದಿಲ್ಲ.

ಈ ಸೂತ್ರವನ್ನು ನಮ್ಮ ಸೀಮೆಯ ಎರಡು ಮನೆಗಳಿಗೆ ಅನ್ವಯಿಸಿ ನೋಡಬಹುದು. ಕಾಗದದ ಕಾರ್ಖಾನೆಯ ಸುತ್ತ ಬೆಳೆದ ದಾಂಡೇಲಿಯ ಪೇಟೆಯಲ್ಲಿ, ಸಿಮೆಂಟಿನ ಗಿಲಾಯಿಯ ಗೋಡೆ, ಕಾಂಕ್ರೀಟಿನ ತಾರಸಿ, ಹೊಳೆಯುವ ಟೈಲ್ಸಿನ ನೆಲಗಳುಳ್ಳ ಐದು ಮೀಟರು ಉದ್ದ, ನಾಲ್ಕು ಮೀಟರು ಅಗಲ, ಮೂರು ಮೀಟರು ಎತ್ತರದ ಬರಿಯ ಕೋಣೆಯೊಂದನ್ನು ಭಾವಿಸಿರಿ. ಅದರ ಮೈಗಳು ಧ್ವನಿಯ ನೂರರಲ್ಲಿ ಮೂರು ಪಾಲನ್ನಷ್ಟೇ ಹೀರುವುವೆಂದು ಹಿಡಿದರೆ ಅನುರಣನವು ಮೂರು ಸೆಕೆಂಡಿಗೂ ಮಿಕ್ಕಿ ಉಳಿಯುತ್ತದೆ. ‘ದೀಪ’ ಎಂದ ಮಾತು ಆರುವುದಕ್ಕೆ ಮೊದಲೇ ಅದರ ಮುಂದಿನ ಮಾತುಗಳೆಲ್ಲ ಅದರ ಮೇಲೆ ಬಂದು ಬೀಳುತ್ತವೆ. ಅದೇ ಅಳತೆಯ ಕೋಣೆಗೆ ನಾಲ್ಕು ಚದರ ಮೀಟರಿನಷ್ಟು ತೆರಪು ದೊರೆತುದಾದರೆ ಅನುರಣನವು ಒಂದೂವರೆ ಸೆಕೆಂಡಿಗೂ ಕೆಳಗೆ ಇಳಿಯುತ್ತದೆ. ಜೋಯಿಡಾದ ಕುಣಬಿ ಕುಟುಂಬಗಳ ಹಳೆಯ ಮಣ್ಣುಗೋಡೆಯ ಮನೆಗಳಲ್ಲಿ ಸೆಗಣಿ ಸಾರಿಸಿದ ನೆಲವೂ, ಗೋಡೆಗೂ ಮಾಡಿಗೂ ನಡುವೆ ಗಾಳಿಗೆಂದು ಬಿಟ್ಟ ತೆರಪೂ, ಹಂಚುಗಳ ಸಂದುಗಳೂ ಸೇರಿ ಈ ಕೆಲಸವನ್ನು ತಾವಾಗಿ ಮಾಡುತ್ತವೆ. ಆಲಿಸುವ ಯಂತ್ರಕ್ಕೆ ಶ್ರೀಮಂತನ ನುಣುಪು ಗೋಡೆಯ ಮನೆಗಿಂತ ಇದು ಪ್ರಶಸ್ತವಾದ ಸ್ಥಳವೆಂಬುದು ಭೌತವಿಜ್ಞಾನವೇ ಹೇಳುವ ಮಾತು. ದಾಂಡೇಲಿಯ ಗೃಹಸ್ಥನು ದಪ್ಪ ಪರದೆ, ಜಮಖಾನೆ, ಬಟ್ಟೆಯ ಹೊದಿಕೆಯ ಆಸನಗಳಿಂದ ಇದೇ ಗುಣವನ್ನು ಸಂಪಾದಿಸಿಕೊಳ್ಳಬಹುದು.

ದೂರದ ಮಾತನ್ನು ಹೆಕ್ಕುವುದಕ್ಕೆ ಒಂದು ಮೈಕು ಸಾಲದೆಂದು ಇಂತಹ ಪೆಟ್ಟಿಗೆಗಳಲ್ಲಿ ಹಲವನ್ನು ಜೋಡಿಸಿರುತ್ತಾರೆ. ಎಂಟು ಸೆಂಟಿಮೀಟರು ಅಂತರದ ಎರಡು ಮೈಕುಗಳಿಗೆ ಪಕ್ಕದಿಂದ ಬಂದ ಧ್ವನಿಯು ಒಂದಕ್ಕೆ ಮೊದಲೂ ಮತ್ತೊಂದಕ್ಕೆ ಸೆಕೆಂಡಿನ ನಾಲ್ಕು ಸಾವಿರದಲ್ಲಿ ಸುಮಾರು ಒಂದು ಭಾಗದಷ್ಟು ತಡವಾಗಿಯೂ ತಲುಪುತ್ತದೆ. ಸೆಕೆಂಡಿಗೆ 16,000 ಸಲ ಧ್ವನಿಯ ಮಟ್ಟವನ್ನು ಅಳೆಯುವ ಯಂತ್ರಕ್ಕೆ ಇದು ಸುಮಾರು ನಾಲ್ಕು ಅಳತೆಗಳ ಅಂತರ. ಮೊದಲನೆಯದನ್ನು ಅಷ್ಟೇ ತಡೆದು ಎರಡನ್ನೂ ಕೂಡಿಸಿದರೆ ಆ ದಿಕ್ಕಿನ ಮಾತು ಇಮ್ಮಡಿಯಾಗುತ್ತದೆ, ಇತರ ದಿಕ್ಕುಗಳ ಸದ್ದು ಹಾಗೆ ಬೆಳೆಯುವುದಿಲ್ಲ. ಹೀಗೆ ಸಂಸ್ಕರಿಸಿದ ಧ್ವನಿಯಲ್ಲಿ ಎಚ್ಚರಿಸುವ ಒಂದು ಪದವು ಬಂದಿತೇ ಎಂಬುದನ್ನು ಮಾತ್ರ ಪೆಟ್ಟಿಗೆಯೊಳಗಿನ ಪುಟ್ಟ ಗಣಕವೊಂದು ಅಹೋರಾತ್ರಿ ಕಾಯುತ್ತಿರುತ್ತದೆ. ಪದವು ಕೇಳಿಬಂದೊಡನೆ ಎಲ್ಲ ಕೋಣೆಗಳ ಹಾಡನ್ನೂ ತಗ್ಗಿಸಿ ಮುಂದಿನ ಮಾತಿಗೆ ಕಿವಿಗೊಡುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲವೂ ಶುದ್ಧ ಶಬ್ದಶಾಸ್ತ್ರ. ಅದಕ್ಕೆ ಭಾಷೆಯ ಹಂಗಿಲ್ಲ. ಸೋಂಧಿಯವರ ಉಪಾಯವು ನ್ಯೂಯಾರ್ಕಿನಲ್ಲಿ ನಡೆದಂತೆಯೇ ಹಳಿಯಾಳದಲ್ಲಿಯೂ ನಡೆಯುತ್ತದೆ. ಆದರೆ ಮಾತು ಕಿವಿಗೆ ಬಿದ್ದ ಮೇಲೆ ಅದನ್ನು ಗ್ರಹಿಸುವ ಹಂತದಲ್ಲಿ ಸಮಾನತೆಯು ಮುರಿದುಬೀಳುತ್ತದೆ, ಮತ್ತು ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂಬ ಈ ನಾಲ್ಕು ತಾಲೂಕುಗಳಲ್ಲಿ ಮುರಿದಷ್ಟು ಬೇರೆಲ್ಲಿಯೂ ಮುರಿಯದೇನೋ. ಹಳಿಯಾಳದ ಪೇಟೆಯಲ್ಲಿ ಕನ್ನಡ, ಮರಾಠಿ, ಉರ್ದುಗಳು ಒಂದೇ ಅಂಗಡಿಯ ಕಟ್ಟೆಯ ಮೇಲೆ ಕಲೆಯುತ್ತವೆ. 2003ರಲ್ಲಿ ಪರಿಶಿಷ್ಟ ಪಂಗಡದ ಮನ್ನಣೆ ಪಡೆದ ಸಿದ್ದಿ ಜನರು ಮನೆಯಲ್ಲಿ ತಮ್ಮದೇ ಆದ ಕೊಂಕಣಿಯನ್ನು ಆಡುತ್ತಾರೆ. ಕುಣಬಿಗಳ ಕೊಂಕಣಿ ಬೇರೆ, ಗೌಳಿಗರ ಮರಾಠಿ ಬೇರೆ. ಸೂಪಾ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಮುಳುಗಿದ ಮೇಲೆ ರಾಮನಗರದಲ್ಲಿ ಮರಳಿ ಬದುಕು ಕಟ್ಟಿದವರು ತಮ್ಮ ತಮ್ಮ ನುಡಿಗಳನ್ನೂ ಹೊತ್ತೊಯ್ದರು. 1966ರಿಂದ ಮುಂಡಗೋಡದಲ್ಲಿ ನೆಲೆಸಿದ ಟಿಬೆಟನ್ನರ ಭಾಷೆಯಲ್ಲಿಯಾದರೆ ದನಿಯ ಏರಿಳಿತವೇ ಪದದ ಅರ್ಥವನ್ನು ಬದಲಿಸಬಲ್ಲುದು. ಕನ್ನಡದಲ್ಲಿ ಅದೇ ಏರಿಳಿತವು ಭಾವವನ್ನು ಸೂಚಿಸುತ್ತದಲ್ಲದೆ ಪದವನ್ನಲ್ಲ.

ಕನ್ನಡಕ್ಕೆ ಅದರದೇ ಆದ ಸೂಕ್ಷ್ಮಗಳಿವೆ. ‘ಬಳೆ’ ಮತ್ತು ‘ಬಾಳೆ’ಗಳನ್ನು ಬೇರ್ಪಡಿಸುವುದು ಸ್ವರದ ಉದ್ದ ಮಾತ್ರ, ಎಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ಸಮೀಪವಾದ ವ್ಯತ್ಯಾಸ. ‘ಹಳ್ಳಿ’ಯನ್ನೂ ‘ಹಲ್ಲಿ’ಯನ್ನೂ ಬೇರ್ಪಡಿಸುವುದು ನಾಲಗೆಯ ತುದಿ ಹಿಂದಕ್ಕೆ ಮಡಚಿದಾಗ ಬಾಯಿಯ ಗುಹೆಯಲ್ಲಿ ಮೂಡುವ ಮೂರನೆಯ ಅನುನಾದವು ಕೆಳಕ್ಕೆ ಜಾರುವ ಗುಣ; ಇಂಗ್ಲಿಷಿನ ಅಭ್ಯಾಸದಲ್ಲಿ ಬೆಳೆದ ಯಂತ್ರಕ್ಕೆ ಇಂತಹ ಭೇದವನ್ನು ಗಮನಿಸುವ ಪ್ರಮೇಯವೇ ಬಂದಿರುವುದಿಲ್ಲ. ಅದಲ್ಲದೆ ಮುಂಡಗೋಡದ ಅಜ್ಜಿ ‘ರೇಡಿಯೋ ಹಚ್ಚು’ ಎಂದರೆ ಮೈಸೂರಿನ ಹುಡುಗ ‘ಹಾಡು ಹಾಕು’ ಎನ್ನುತ್ತಾನೆ; ಎರಡೂ ಒಂದೇ ಅಪೇಕ್ಷೆಯೆಂಬುದನ್ನು ಯಂತ್ರಕ್ಕೆ ಯಾರಾದರೂ ಕಲಿಸಿಯೇ ತೀರಬೇಕು.

ಕಲಿಸುವ ವಿಧಾನವೆಂದರೆ ಸಹಸ್ರಾರು ಕಂಠಗಳ ಮಾತನ್ನು, ಅದರ ಬರಹರೂಪದೊಡನೆ, ಯಂತ್ರಕ್ಕೆ ಉಣಿಸುವುದು. 2022ರಲ್ಲಿ ಓಪನ್‌ಎಐ ಸಂಸ್ಥೆಯು ಎಲ್ಲರಿಗೂ ಮುಕ್ತವಾಗಿಸಿದ ‘ವಿಸ್ಪರ್’ ಎಂಬ ವಾಗ್ಗ್ರಾಹಕವು 6,80,000 ಗಂಟೆಗಳ ಧ್ವನಿಯಿಂದ ಕಲಿತದ್ದು. ಅದರಲ್ಲಿ ಕನ್ನಡಕ್ಕೆ ದಕ್ಕಿದ ಪಾಲು ಕೆಲವೇ ಗಂಟೆಗಳು. ‘ಎಕೋ’ ಪೆಟ್ಟಿಗೆಯೊಳಗಿನ ಅಲೆಕ್ಸಾ ಎಂಬ ಸಹಾಯಕವು ಭಾರತಕ್ಕೆ ಬಂದಾಗ ಇಂಗ್ಲಿಷನ್ನು ಬಲ್ಲುದಾಗಿತ್ತು, 2019ರಲ್ಲಿ ಹಿಂದಿಯನ್ನು ಕಲಿಯಿತು. ಕೋಟ್ಯಂತರ ಜನ ಆಡುವ, ಸಾವಿರ ವರ್ಷಗಳಿಗೂ ಮಿಕ್ಕಿದ ಸಾಹಿತ್ಯವುಳ್ಳ ಭಾಷೆಯೊಂದು ಮನೆಯ ಪೆಟ್ಟಿಗೆಯೆದುರು ಮೂಕವಾಗಿ ನಿಲ್ಲಬೇಕಾಗಿ ಬಂದದ್ದು ನನ್ನನ್ನು ನಿಜವಾಗಿ ನೋಯಿಸುತ್ತದೆ. ಈ ಕೊರತೆಯನ್ನು ತುಂಬುವ ಕೆಲಸವು ನಮ್ಮಲ್ಲಿಯೇ ಆರಂಭವಾಗಿರುವುದು ಸಮಾಧಾನದ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ‘ರೆಸ್ಪಿನ್’ ಎಂಬ ಯೋಜನೆಯಲ್ಲಿ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳ ಮಾತನ್ನು, ಅವುಗಳ ಪ್ರಾದೇಶಿಕ ಭೇದಗಳ ಸಹಿತ, ಸಂಗ್ರಹಿಸಿತು. ಅದೇ ಸಂಸ್ಥೆಯು ಗೂಗಲ್ ಸಂಸ್ಥೆಯ ನೆರವಿನೊಡನೆ ಕೈಗೊಂಡ ‘ವಾಣಿ’ ಯೋಜನೆಯು ದೇಶದ ಪ್ರತಿಯೊಂದು ಜಿಲ್ಲೆಯಿಂದಲೂ ಜನರಿಗೆ ಚಿತ್ರಗಳನ್ನು ತೋರಿಸಿ, ಅವರು ತಮ್ಮ ನುಡಿಯಲ್ಲಿ ಸಹಜವಾಗಿ ವರ್ಣಿಸಿದ್ದನ್ನು ಧ್ವನಿಮುದ್ರಿಸಿ, ಒಟ್ಟು ಸುಮಾರು ಒಂದೂವರೆ ಲಕ್ಷ ಗಂಟೆಗಳ ಮಾತನ್ನು ಕೂಡಿಸುವ ಗುರಿಯನ್ನಿಟ್ಟುಕೊಂಡಿದೆ. ಭಾಷೆಯ ಪಟ್ಟಿಯನ್ನು ಹಿಡಿದು ಹೊರಡದೆ ಜಿಲ್ಲೆಯ ಪಟ್ಟಿಯನ್ನು ಹಿಡಿದು ಹೊರಟದ್ದು ಬಹಳ ವಿವೇಕದ ನಿರ್ಧಾರ. ಸಿದ್ದಿಯರ ಕೊಂಕಣಿಯಂತಹ, ಯಾವ ಪಟ್ಟಿಯಲ್ಲಿಯೂ ಪ್ರತ್ಯೇಕವಾಗಿ ಕಾಣಿಸದ ನುಡಿಗೆ ಆ ದಾರಿಯಲ್ಲಿ ಮಾತ್ರ ಪ್ರವೇಶವುಂಟು.

ಇನ್ನೊಂದು ಪ್ರಶ್ನೆಯು ಇಷ್ಟೇ ಗುರುತರವಾದದ್ದು: ಗ್ರಹಿಸುವ ಕೆಲಸವು ಎಲ್ಲಿ ನಡೆಯಬೇಕು? ಬಹುಪಾಲು ಸಹಾಯಕಗಳಲ್ಲಿ ಪೆಟ್ಟಿಗೆಯು ಮಾತನ್ನು ಅಂತರಜಾಲದ ಮೂಲಕ ದೂರದ ಗಣಕಮಂದಿರಕ್ಕೆ ಕಳುಹಿಸಿ ಉತ್ತರಕ್ಕಾಗಿ ಕಾಯುತ್ತದೆ. ಕ್ಯಾಸಲ್‌ರಾಕ್, ಅಣಶಿಗಳ ಕಡೆಯ ದಟ್ಟಡವಿಯ ಊರುಗಳಲ್ಲಿ ನೆಟ್‌ವರ್ಕ್ ಸಿಗುವುದಕ್ಕಾಗಿ ಗುಡ್ಡದ ನೆತ್ತಿಯನ್ನು ಏರಬೇಕಾದ ಜನರಿಗೆ, ಪಕ್ಕದ ಕೋಣೆಯ ದೀಪವನ್ನು ಆರಿಸಲು ಸಮುದ್ರದಾಚೆಯ ಯಂತ್ರದ ಅನುಮತಿಗಾಗಿ ಕಾಯಿರೆಂದು ಹೇಳುವುದು ನ್ಯಾಯವಲ್ಲ. ಗೃಹಸ್ಥನ ಏಕಾಂತದ ಪ್ರಶ್ನೆಯೂ ಉಂಟು: ಅಮೆಝಾನ್, ಗೂಗಲ್, ಆಪಲ್ ಸಂಸ್ಥೆಗಳ ಸಹಾಯಕಗಳು ಮುದ್ರಿಸಿಕೊಂಡ ಮಾತುಗಳಲ್ಲಿ ಕೆಲವನ್ನು ಪರಿಶೀಲನೆಗಾಗಿ ಮನುಷ್ಯರೇ ಕೇಳುತ್ತಿದ್ದರೆಂಬುದು 2019ರಲ್ಲಿ ಪತ್ರಿಕೆಗಳ ಮೂಲಕ ಬಯಲಾಯಿತು.

ಮನೆಯೊಳಗೇ ಗ್ರಹಿಸುವ ಯಂತ್ರವು ಈಗ ಅಸಾಧ್ಯವಲ್ಲ. 2022ರಲ್ಲಿ ಸೋನೋಸ್ ಸಂಸ್ಥೆಯು ಹಾಡಿನ ಆಜ್ಞೆಗಳನ್ನು ಸ್ಪೀಕರಿನೊಳಗೇ ಅರ್ಥಮಾಡಿಕೊಳ್ಳುವ ವ್ಯವಸ್ಥೆಯನ್ನು ತಂದಿತು. ‘ಹೋಮ್ ಅಸಿಸ್ಟೆಂಟ್’ ಎಂಬ ಮುಕ್ತ ತಂತ್ರಾಂಶದ ಕರ್ತೃಗಳು 2023ನೆಯ ವರ್ಷವನ್ನೇ ಇದಕ್ಕೆಂದು ಮೀಸಲಿಟ್ಟು, ಅಂಗೈಯಗಲದ ಗಣಕವೊಂದರಲ್ಲಿ ಮನೆಯ ದೀಪ, ಪಂಖ, ಸ್ಪೀಕರುಗಳನ್ನು ಮಾತಿನಿಂದ ಆಳುವ ದಾರಿಯನ್ನು ತೆರೆದರು. ಇದರ ಹಿಂದಿರುವ ತತ್ತ್ವವು ಹಳೆಯದು. ಆಂಧ್ರದ ಕಾಟೂರಿನಲ್ಲಿ ಹುಟ್ಟಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ದುಡಿದ ರಾಜ್ ರೆಡ್ಡಿಯವರ ಬಳಗವು 1976ರಲ್ಲಿ ‘ಹಾರ್ಪಿ’ ಎಂಬ ವಾಗ್ಗ್ರಾಹಕವನ್ನು ನಿರ್ಮಿಸಿತು. ಅದು ಬಲ್ಲ ಪದಗಳು 1,011 ಮಾತ್ರ, ಆದರೆ ಯಾವ ಪದದ ಮುಂದೆ ಯಾವ ಪದ ಬರಬಹುದೆಂಬ ಜಾಲವನ್ನು ಮೊದಲೇ ಹೆಣೆದಿದ್ದುದರಿಂದ, ಇಂದಿನ ಸ್ಮಾರ್ಟ್ ಕೈಗಡಿಯಾರಕ್ಕಿಂತ ದುರ್ಬಲವಾದ ಗಣಕದಲ್ಲಿಯೂ ಅದು ವಾಕ್ಯಗಳನ್ನು ಗ್ರಹಿಸಿತು. ಜಗತ್ತಿನ ಸಕಲ ವಿಷಯಗಳನ್ನೂ ಕುರಿತ ಮಾತನ್ನು ಗ್ರಹಿಸುವುದಕ್ಕೆ ಲಕ್ಷಾಂತರ ಗಂಟೆಗಳ ಸಾಮಗ್ರಿ ಬೇಕು. ಮನೆಯೊಂದರಲ್ಲಿ ದೀಪ, ಹಾಡು, ವಾರ್ತೆ, ಪಂಪುಗಳನ್ನು ಕುರಿತು ಆಡುವ ಇನ್ನೂರು ವಾಕ್ಯಗಳಿಗೆ ಹಾಗಲ್ಲ. ಕುಣಬಿಗಳ ಕೊಂಕಣಿಗಾಗಲಿ ಸಿದ್ದಿಯರ ಕೊಂಕಣಿಗಾಗಲಿ ಅಂತಹ ಇನ್ನೂರು ವಾಕ್ಯಗಳ ಜಾಲವನ್ನು, ಆ ಸಮುದಾಯದ ಹತ್ತಾರು ಜನರ ಕಂಠದಿಂದ, ದಾಂಡೇಲಿಯ ಇಲ್ಲವೆ ಹಳಿಯಾಳದ ಕಾಲೇಜೊಂದರ ವಿದ್ಯಾರ್ಥಿಗಳೇ ಒಂದು ವರ್ಷದೊಳಗೆ ಸಿದ್ಧಪಡಿಸಬಲ್ಲರೆಂದು ನನ್ನ ದೃಢವಾದ ನಂಬಿಕೆ.

ಆ ವಿದ್ಯಾರ್ಥಿಗಳು ಎರಡು ಸಂಗತಿಗಳನ್ನು ಗಮನದಲ್ಲಿಡಬೇಕು. ಧ್ವನಿಮುದ್ರಣವನ್ನು ನಿಶ್ಶಬ್ದವಾದ ಸ್ಟುಡಿಯೋದಲ್ಲಿ ಮಾಡದೆ, ಒಲೆ ಉರಿಯುವ, ಮಕ್ಕಳು ಓಡಾಡುವ ಮನೆಗಳಲ್ಲಿಯೇ, ಅಜ್ಜಿಯಿಂದಲೂ ಮೊಮ್ಮಗನಿಂದಲೂ, ಸಮೀಪದಿಂದಲೂ ದೂರದಿಂದಲೂ ಮಾಡತಕ್ಕದ್ದು. ಮತ್ತು ಒಂದು ಪಾಲನ್ನು ಆಷಾಢದ ಮಳೆಯಲ್ಲಿಯೇ ಮಾಡತಕ್ಕದ್ದು. ತಗಡಿನ ಮೇಲೆ ಬೀಳುವ ಮಳೆಯ ಸದ್ದು ತಗ್ಗಿನಿಂದ ಎತ್ತರದವರೆಗಿನ ಎಲ್ಲ ಆವೃತ್ತಿಗಳಲ್ಲಿಯೂ ಹರಡಿಕೊಂಡಿರುತ್ತದೆ. ‘ಸ’ಕಾರದಂತಹ ಊಷ್ಮಾಕ್ಷರದ ಶಕ್ತಿಯಾದರೂ ಸೆಕೆಂಡಿಗೆ 4,000 ಕಂಪನಗಳ ಮೇಲೆ ಹಾಗೆಯೇ ಚದುರಿರುವುದರಿಂದ ಮಳೆಯಲ್ಲಿ ಅದು ಗುರುತು ಸಿಗದಂತೆ ಬೆರೆತುಹೋಗುತ್ತದೆ. ದೀರ್ಘಸ್ವರದ ಶಕ್ತಿಯು ಕೆಲವೇ ಆವೃತ್ತಿಗಳಲ್ಲಿ ಗುಂಪುಗೂಡಿ ನಿಲ್ಲುವುದರಿಂದ ಮಳೆಯನ್ನು ಮೀರಿ ತೋರುತ್ತದೆ. ಆದುದರಿಂದ ಯಂತ್ರವನ್ನು ಎಚ್ಚರಿಸುವ ಪದವನ್ನು ಆರಿಸುವಾಗ ಊಷ್ಮಾಕ್ಷರಗಳನ್ನು ನೆಮ್ಮದೆ, ಆ, ಈ, ಓಗಳಂತಹ ದೀರ್ಘಸ್ವರಗಳು ಎರಡು ಮೂರಾದರೂ ಇರುವ, ದಿನನಿತ್ಯದ ಸಂಭಾಷಣೆಯಲ್ಲಿ ಅಪರೂಪವಾಗಿ ಬರುವ ಪದವನ್ನೇ ಆರಿಸಬೇಕು.